ಗಾಣದವನ ಅಂಗಿ

ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ ಚನ್ನಮಲ್ಲ ಕೇಳಿದ: "ಗುರುಗಳೇ, ಎಲ್ಲರನ್ನೂ ಅನುಮಾನಿಸುವುದು ತಪ್ಪೇ? ನಂಬಿದವರೇ ಅಲ್ಲವೇ ಮೋಸ ಹೋಗುವುದು?"

ಗುರುಗಳು ನಕ್ಕರು. "ಬೆಳಿಗ್ಗೆ ಅಡುಗೆಯವನ ಚೀಲ ತಡಕಿದೆಯಂತೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ಇದನ್ನೂ ನಂಬಬೇಡ, ಬರೀ ಕೇಳು."

ಒಬ್ಬನಿಗೆ ಕಬ್ಬಿನ ಗಾಣವಿತ್ತು. ಎತ್ತು ತಿರುಗಿಸುವ ಕಬ್ಬಿಣದ ಗಾಣ. ಅದರ ಬಾಯಿಗೆ ಕಬ್ಬು ಕೊಡುತ್ತಿದ್ದವನು ಅವನ ತಮ್ಮ. ತಾಯಿ ತೀರಿದ ಮೇಲೆ ಅಣ್ಣನೇ ಎತ್ತಿ ಸಾಕಿದ್ದ, ಅವನೆಂದರೆ ಪ್ರಾಣ. ಕಬ್ಬಿನ ಗರಿ ಕೈ ಕೊಯ್ಯುತ್ತದಲ್ಲ, ಅದಕ್ಕೆ ಆ ಕೆಲಸದವರು ಉದ್ದ ತೋಳಿನ ಅಂಗಿ ತೊಡುತ್ತಾರೆ. ತಮ್ಮನ ಅಂಗಿಗಳೋ, ಬೆಲ್ಲದ ಆಲೆಮನೆಯ ಕೆಲಸ ಮುಗಿಯುವ ಮೊದಲೇ ಚಿಂದಿ.

ಈ ಸಲ ಅಣ್ಣ ತಾನೇ ಬಟ್ಟೆ ಆರಿಸಲು ಹೊರಟ. ಅಂಗಡಿಯವನು ಗಟ್ಟಿ ಎಂದರೆ ಇವನು ಕೇಳುವವನೇ? ತುಂಡನ್ನು ನೀರಲ್ಲಿ ಹಿಂಡಿ ಗಂಜಿ ತೆಗೆದ. ಎಳೆ ಬಿಚ್ಚಿ ಸುಟ್ಟು ಮೂಸಿದ. ಕಲ್ಲಿಗೆ ಉಜ್ಜಿದ. ಇಬ್ಬರು ಆಳುಗಳು ಎರಡು ಕಡೆಯಿಂದ ಜಗ್ಗಿದರೂ ಹರಿಯದ ಬಟ್ಟೆಯನ್ನೇ ಕೊಂಡ.

ದರ್ಜಿ ಅಂಗಿ ಹೊಲಿದ. ಅಣ್ಣ ನೋಡಿದರೆ ಹೆಗಲಿನ ಬಳಿ ತೋಳಿಗೆ ಒಂಟಿ ದಾರದ ಸಡಿಲ ಹೊಲಿಗೆ.

"ಇದೇನಯ್ಯಾ, ಹೊಲಿದೆಯೋ, ನೇತುಹಾಕಿದೆಯೋ?"

"ಗಾಣದವರಿಗೆ ಹೀಗೇ ಹೊಲಿಯೋದು ಯಜಮಾನರೇ. ಗಾಣಕ್ಕೆ ಸಿಕ್ಕರೆ ಅಂಗಿಯ ತೋಳು ಕಿತ್ತುಹೋಗಲಿ, ಕೈ ಉಳಿಯಲಿ ಅಂತ."

"ಹೌದೌದು, ಕಿತ್ತುಹೋದರೆ ನಾನು ಮತ್ತೆ ನಿನ್ನ ಹತ್ತಿರವೇ ಬರಬೇಕಲ್ಲ. ನನ್ನ ಕಿವಿಗೆ ಹೂವಿಡಬೇಡ, ಹೊಲಿ."

ದಪ್ಪ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿಸುವ ತನಕ ಅಲ್ಲೇ ನಿಂತಿದ್ದ. ಗಾಣದವರ ಹಳೆಯ ಅಂಗಿಗಳು ಹೇಗಿವೆ ಎಂದು ನೋಡಲಿಲ್ಲ. ತಮ್ಮನನ್ನು ಒಂದು ಮಾತು ಕೇಳಲೂ ಇಲ್ಲ.

ಆಲೆ ಶುರುವಾಯಿತು. ಒಂದು ಮಧ್ಯಾಹ್ನ ತಮ್ಮನ ಅಂಗಿ ತೋಳಿನ ತುದಿಯನ್ನು ಗಾಣ ಕಚ್ಚಿತು. ಅಣ್ಣ ಓಡಿಬಂದು ಹೆಗಲ ಬಳಿ ಬಟ್ಟೆ ಹಿಡಿದು ಬಲವೆಲ್ಲ ಹಾಕಿ ಜಗ್ಗಿದ. ಹೊಲಿಗೆ ಬಿಚ್ಚಲಿಲ್ಲ, ಬಟ್ಟೆ ಹರಿಯಲಿಲ್ಲ. ಎತ್ತು ನಿಲ್ಲಿಸುವಷ್ಟರಲ್ಲಿ ಕೈ ಮೊಣಕೈವರೆಗೂ ಒಳಗೆ ಹೋಗಿತ್ತು. ತಮ್ಮ ಬದುಕಿದ, ಆ ಕೈ ಹೋಯಿತು.

ಚನ್ನಮಲ್ಲ ಮೆಲ್ಲಗೆ ಕೇಳಿದ: "ಹಾಗಾದರೆ ಅವನು ದರ್ಜಿಯನ್ನು ನಂಬಬೇಕಿತ್ತೇ?"

"ನಂಬಬೇಕಿತ್ತು ಎಂದು ನಾನೆಲ್ಲಿ ಹೇಳಿದೆ? ಬಟ್ಟೆಯನ್ನು ಅನುಮಾನಿಸಿದ, ದರ್ಜಿಯನ್ನು ಅನುಮಾನಿಸಿದ, ತನ್ನ ಅನುಮಾನವನ್ನು ಮಾತ್ರ ಕಣ್ಣುಮುಚ್ಚಿ ನಂಬಿಬಿಟ್ಟ."