ಹೊರೆಗೊಂದು ಕೈ

"ಮಡಕೆ ಮಾರಿ ಬದುಕೋದು ನಿನ್ನ ಕೈಲೆ ಆಗಂಗಿಲ್ಲ" ಎಂದು ಬಾಳವ್ವನ ಸ್ವಂತ ಅಣ್ಣನೇ ಹೇಳಿದ್ದ. ಅವಳು ಹಟ ಹಿಡಿದು ಸಾಹುಕಾರ ರಾಚಪ್ಪನ ಜಗುಲಿಯ ಮೂಲೆಯಲ್ಲಿ ಅಂಗಡಿ ಹೂಡಿದಳು.

ಸಂತೆಯ ದಿನ ರಾಚಪ್ಪ ಮೀಸೆ ತಿರುವಿದ. "ಲಾಭ ಇಲ್ದೆ ಯಾರೂ ಹುಲ್ಲುಕಡ್ಡೀನೂ ಎತ್ತಂಗಿಲ್ಲ. ಹಂಗ ಎತ್ತೋನೊಬ್ಬನ್ನ ತೋರಸು, ಈ ಮೂಲೆ ನಿಂದು. ಇಲ್ಲಾಂದ್ರ ಜಾಗ ಖಾಲಿ ಮಾಡು."

ಬಾಳವ್ವ ಮಡಕೆಗಳನ್ನು ಬುಟ್ಟಿಗೆ ತುಂಬಿದಳು. ತಲೆಗೆ ಸಿಂಬಿ ಇಟ್ಟುಕೊಂಡು, "ಧಣ್ಯಾರ, ಒಂಚೂರು ಕೈ ಹಚ್ರಿ" ಎಂದಳು. ಹೊರೆಗೆ ಕೈ ಕೇಳಿದರೆ ಆ ಸೀಮೆಯಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ರಾಚಪ್ಪ ಬಗ್ಗಿ, ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟ.

"ಇದರಾಗ ನಿಮಗೇನು ಲಾಭರಿ?"

"ಇದಕ್ಕೆಲ್ಲಾ ಲಾಭ ನೋಡ್ತಾರೇನ, ಹುಚ್ಚಿ!"

"ಹಂಗಾದ್ರ ಇಳಸ್ರಿ. ಒಬ್ಬರು ಸಿಕ್ಕರು."

ಸಂತೆಯೇ ನಕ್ಕಿತು. ರಾಚಪ್ಪ ಬೆವರೊರೆಸಿಕೊಂಡು ಬುಟ್ಟಿ ಇಳಿಸಿದ.

ಈಗ ಆ ಮೂಲೆ ಬಾಳವ್ವನದು. ಅದಕ್ಕಾಗಿ ಅವಳು ರಾಚಪ್ಪನನ್ನು ಊರೆದುರು ಒಳ್ಳೆಯವನೆಂದು ಒಪ್ಪಬೇಕಾಯಿತು. ಅಷ್ಟು ದುಬಾರಿ ಬೆಲೆಯನ್ನು ಅವಳು ಮತ್ತಾವುದಕ್ಕೂ ತೆತ್ತಿಲ್ಲ.