ಯಾವ ಕೆಂಚಪ್ಪ?

ಕತೆಗೆ ಹೂಂಗುಟ್ಟೋರು ಒಬ್ಬರು ಬೇಕು. ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗಲ್ಲ. ಹೂಂ ಅನ್ನಿ. ಹೇಳ್ತೀನಿ.

ಒಂದೂರು. ಊರಿಗೊಬ್ಬಳು ದೇವಿ, ಕೆಂಚಮ್ಮ. ಯಾರ ಮನೆಯಲ್ಲಿ ಮೊದಲ ಗಂಡು ಹುಟ್ಟಿದರೂ ಅದಕ್ಕೆ ಕೆಂಚಪ್ಪ ಅಂತಲೇ ಹೆಸರು. ಬೇರೆ ಹೆಸರು ಇಟ್ಟರೆ ದೇವಿ ಮುನಿಸಿಕೊಳ್ತಾಳೆ. ಕೆರೆ ಏರಿ ಮೇಲೆ ನಿಂತು ‘ಕೆಂಚಪ್ಪಾ’ ಅಂತ ಒಂದು ಕೂಗು ಹಾಕಿದರೆ ಹನ್ನೊಂದು ಜನ ತಿರುಗಿ ನೋಡೋರು. ಹನ್ನೆರಡನೆಯವನು ತಿರುಗ್ತಿರಲಿಲ್ಲ. ಅವನು ಆಕಾಶ ನೋಡ್ತಾ ಇರೋನು. ಅವನೇ ನಮ್ಮ ಕೆಂಚಪ್ಪ.

ಊರ ಬಾಗಿಲಲ್ಲಿ ಮೂರು ಕಲ್ಲು. ಮೂರೂ ಕೆಂಚಪ್ಪಂದಿರವೇ. ಹುಲಿ ಕೆಂಚಪ್ಪ, ಕೆರೆ ಕೆಂಚಪ್ಪ, ಮೌನದ ಕೆಂಚಪ್ಪ. ಹಿಂದಿನ ಕಾಲದೋರು. ದೊಡ್ಡ ದೊಡ್ಡ ಕೆಲಸ ಮಾಡಿ ಹೋದೋರು.

ನಮ್ಮ ಕೆಂಚಪ್ಪನ ತಾಯಿ ಮಾರಕ್ಕ. ಗಂಡ ಇಲ್ಲ. ಕಣ್ಣಿಗೆ ಪೊರೆ ಬಂದಿತ್ತು. ದಿನಾ ಬೆಳಿಗ್ಗೆ ತಡವಿಕೊಂಡು ಹೋಗಿ ಮೂರು ಕಲ್ಲಿಗೂ ನೀರು ಹಾಕೋಳು.

“ನಿಮ್ಮ ಹೆಸರೇ ಇಟ್ಟೆನಲ್ಲಪ್ಪಾ. ನಿಮ್ಮ ಬುದ್ಧಿ ಒಂದು ಚಿಟಿಕೆ ಬರಬಾರದಿತ್ತಾ?” ಅನ್ನೋಳು.

ಕಲ್ಲು ಏನು ಹೇಳ್ತದೆ?

ಮಾರಕ್ಕನಿಗೆ ಒಂದೇ ಚಿಂತೆ. ನಾನು ಹೋದ ಮೇಲೆ ಇವನಿಗೆ ಅನ್ನ ಇಕ್ಕೋರು ಯಾರು? ಹೆಣ್ಣು ಕೊಡೋರು ಯಾರು? ಪಕ್ಕದೂರಲ್ಲಿ ಅವಳ ಅಣ್ಣ ಓಬಣ್ಣ ಇದ್ದ. ಓಬಣ್ಣನಿಗೆ ಒಬ್ಬಳೇ ಮಗಳು, ಹಾಲಮ್ಮ. ಮಾರಕ್ಕ ಹೋಗಿ ಕೇಳಿದಳು. ಓಬಣ್ಣ ಗಡ್ಡ ಕೆರೆದುಕೊಂಡ.

“ಇಲ್ಲ ಅನ್ನಲ್ಲ ತಂಗಿ. ಒಂದು ಕೆಲಸ ನೆಟ್ಟಗೆ ಮಾಡಿ ತೋರಿಸಲಿ. ಒಂದೇ ಒಂದು. ನಾನು ಕಣ್ಣಾರೆ ನೋಡಬೇಕು.”

ಮಾರಕ್ಕ ಕಡುಬು ಬೇಯಿಸಿದಳು. ಬುಟ್ಟಿಗೆ ತುಂಬಿ ಮಗನ ತಲೆ ಮೇಲಿಟ್ಟಳು.

“ಮಾವನ ಮನೆಗೆ ಕೊಟ್ಟು ಬಾ.”

“ಹೂಂ ಅವ್ವಾ.”

ಹೊರಟ. ದಾರೀಲಿ ಒಂದು ನಾಯಿಮರಿ ಬಂತು. ಇಷ್ಟೇ ಇಷ್ಟು. ಕಡುಬಿನ ವಾಸನೆಗೆ ಕುಯ್ ಕುಯ್ ಅಂತ ಹಿಂದೆ ಬಂತು. ಕೆಂಚಪ್ಪನಿಗೆ ದಿಗಿಲು. ಬುಟ್ಟಿ ಕೆಳಗಿಟ್ಟ. ಬೇವಿನ ಮರ ಹತ್ತಿದ. ಮರಿ ಕಡುಬು ತಿಂತು. ಹೊಟ್ಟೆ ತುಂಬಿ ಬುಟ್ಟಿ ಒಳಗೇ ಮಲಗ್ತು. ಅದು ಏಳೋ ತನಕ ಇವನು ಇಳೀಲಿಲ್ಲ. ಸಂಜೆಗೆ ಖಾಲಿ ಬುಟ್ಟಿ ತಗೊಂಡು ಮನೆಗೆ ಬಂದ.

“ಅಯ್ಯೋ ನನ್ನ ಕರ್ಮವೇ! ನಾಯಿಮರಿಗೆ ಹೆದರಿ ಮರ ಹತ್ತಿದೆಯೇನ್ಲಾ? ಹುಲಿ ಕೆಂಚಪ್ಪ ಮರ ಹತ್ತಿದ್ನಾ? ಹುಲಿ ಬಾಯಿ ಬಿಟ್ಕೊಂಡು ಎದುರಿಗೆ ಬಂತು. ಕಂಬಳಿ ಬೀಸಿ ಮುಖಕ್ಕೆ ಮುಚ್ಚಿದ. ಕೊರಳು ಹಿಡಿದ. ಕೆಡವಿದ! ಅವನದೇ ಹೆಸರು ನಿಂದು. ಅವನ ಹಾಗೆ ಮಾಡಬೇಕು!”

“ಹೂಂ ಅವ್ವಾ. ಅವನ ಹಾಗೆ ಮಾಡ್ತೀನಿ.”

ಮಾರನೇ ದಿನ ಕಂಬಳಿ ಹೊದ್ದು ಹೋದ. ಓಬಣ್ಣ ಬಾಗಿಲಲ್ಲೇ ಕಂಡ. ಸೋದರಳಿಯ ಬರ್ತಿದ್ದಾನೆ ಅಂತ ಎರಡು ಕೈ ಚಾಚಿಕೊಂಡು, ಬಾಯಿ ತುಂಬ ನಗ್ತಾ ಎದುರಿಗೆ ಬಂದ.

“ಬಾ ಅಳಿಯಾ, ಬಾ ಬಾ!”

ಕೆಂಚಪ್ಪ ನೋಡಿದ. ಎದುರಿಗೆ ಬರ್ತಿದೆ. ಬಾಯಿ ಬಿಟ್ಟಿದೆ. ಕಂಬಳಿ ಬೀಸಿ ಮುಖಕ್ಕೆ ಮುಚ್ಚಿದ. ಕೊರಳು ಹಿಡಿದ. ಕೆಡವಿದ!

ಪಕ್ಕದಲ್ಲೇ ತಿಪ್ಪೆ ಇತ್ತು. ಓಬಣ್ಣ ಅದರೊಳಗೆ ಬಿದ್ದ.

“ಅಯ್ಯಯ್ಯೋ! ಬಿಡ್ಲಾ! ನಾನು ಕಣ್ಲಾ, ನಿನ್ನ ಮಾವ!”

“ಸತ್ತೆಯಾ ಮಾವಾ?” ಅಂತ ಕೇಳಿದ ಕೆಂಚಪ್ಪ.

“ಇಲ್ಲ!”

“ಹಂಗಾದ್ರೆ ಇನ್ನೂ ಸ್ವಲ್ಪ ಹಿಡ್ಕೋಬೇಕು.”

ಮಗಳು ಹಾಲಮ್ಮ ಬಾಗಿಲ ಹಿಂದೆ ನಿಂತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು ನಗ್ತಿದ್ದಳು. ಓಬಣ್ಣನ ಹೆಂಡತಿ ಸಾಕಮ್ಮ ಪೊರಕೆ ತಂದು ಬಿಡಿಸಿದಳು.

ಸುದ್ದಿ ಮಾರಕ್ಕನಿಗೆ ಮುಟ್ಟಿತು. ಹಣೆ ಚಚ್ಚಿಕೊಂಡಳು.

“ಹುಲೀನೇ ಬೇರೆ, ಮಾವನೇ ಬೇರೆ ಕಣೋ! ಯಾವ ಕಾಲಕ್ಕೆ ಯಾವ ಕೆಂಚಪ್ಪನ್ನ ನೋಡಬೇಕು ಅನ್ನೋದು ಬ್ಯಾಡ್ವಾ? ಕೆರೆ ಕೆಂಚಪ್ಪ ಇಲ್ವಾ? ಅವನು ಯಾರನ್ನೂ ಕೆಡವಲಿಲ್ಲ. ಒಣಗಿದ್ದು ಎಲ್ಲಿ ಕಂಡರೂ ನೀರು ಹರಿಸಿದ. ಕೇಳಿದೋರಿಗೂ ಕೊಟ್ಟ, ಕೇಳದೋರಿಗೂ ಕೊಟ್ಟ. ಊರು ಅವನ ಹೆಸರು ಹೇಳಿ ಉಣ್ತದೆ. ಅವನ ಹಾಗೆ ಮಾಡಬೇಕು!”

“ಹೂಂ ಅವ್ವಾ. ಹುಲಿಯೋನ ಹಾಗೆ ಬ್ಯಾಡ. ಕೆರೆಯೋನ ಹಾಗೆ.”

ಮತ್ತೆ ಹೋದ. ಅಂಗಳದಲ್ಲಿ ಚಾಪೆ ಹಾಸಿತ್ತು. ಚಾಪೆ ಮೇಲೆ ಹಪ್ಪಳ, ಸಂಡಿಗೆ. ಸಾಕಮ್ಮ ಮೂರು ದಿನ ಕೂತು ಇಟ್ಟಿದ್ದಳು. ಕಾಗೆ ಓಡಿಸೋಕೆ ಹಾಲಮ್ಮ ಕೋಲು ಹಿಡಿದು ಕೂತಿದ್ದಳು.

ಕೆಂಚಪ್ಪ ನೋಡಿದ. ಮುಟ್ಟಿದ. “ಅಯ್ಯೋ ಪಾಪ” ಅಂದ. ಬಾವಿಗೆ ಹೋದ. ಒಂದು ಕೊಡ ತಂದು ಸುರಿದ. ಇನ್ನೊಂದು ತಂದ. ಮೂರನೇದೂ ತಂದ.

“ಬಾವಾ! ಏನು ಮಾಡ್ತಿದ್ದೀಯಾ?”

“ನೀರು ಕೊಡ್ತಿದೀನಿ. ಒಣಗ್ಯಾವೆ.”

“ಒಣಗಲಿ ಅಂತಲೇ ಇಟ್ಟಿರೋದು ಬಾವಾ!”

“ಯಾರು ಹೇಳಿದ್ರು? ಅವು ಹೇಳಿದ್ವಾ?”

ಹಾಲಮ್ಮನಿಗೆ ನಗು ತಡೀಲಿಲ್ಲ. ಕೋಲು ಬಿಸಾಕಿ ಹೊಟ್ಟೆ ಹಿಡಿದುಕೊಂಡಳು. ಆಗ ಕಾಗೆಗಳೂ ಬಂದವು. ಸಾಕಮ್ಮ ಹೊರಗೆ ಬಂದು ನೋಡ್ತಾಳೆ, ಮೂರು ದಿನದ ಸಂಡಿಗೆ ಚರಂಡೀಲಿ ತೇಲಿಕೊಂಡು ಹೋಗ್ತಿದೆ.

“ಮಾರಕ್ಕಾ! ನಿನ್ನ ಮಗನ್ನ ಕಟ್ಟಿ ಹಾಕ್ಕೊಳ್ಳೇ!” ಅಂತ ಕೂಗಿದಳು. ಆ ಕೂಗು ಈ ಊರಿಗೇ ಕೇಳಿಸ್ತಂತೆ.

ಮಾರಕ್ಕ ಅಳ್ತಾ ಕೂತಳು. ಕೆಂಚಪ್ಪನೂ ಪಕ್ಕದಲ್ಲಿ ಕೂತ.

“ಕೆರೆಯೋನ ಹಾಗೇ ಮಾಡಿದೆ ಅವ್ವಾ. ಕೇಳದೋರಿಗೂ ಕೊಟ್ಟೆ.”

“ನೀನು ಏನೂ ಮಾಡಬ್ಯಾಡಪ್ಪಾ! ಮಾಡಿದರೆ ಕೆಡ್ತದೆ. ಮೌನದ ಕೆಂಚಪ್ಪ ಏನು ಮಾಡಿದ? ಏನೂ ಮಾಡಲಿಲ್ಲ! ಬಂಡೆ ಮೇಲೆ ಹನ್ನೆರಡು ವರ್ಷ ಕೂತ. ಮಳೆ ಬಂತು, ಅಲುಗಲಿಲ್ಲ. ಇರುವೆ ಹತ್ತಿದವು, ಅಲುಗಲಿಲ್ಲ. ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಜನ ಬಂದು ಕಾಲಿಗೆ ಬಿದ್ದರು. ಅವನ ಹಾಗೆ ಇರಬೇಕು!”

“ಹೂಂ ಅವ್ವಾ. ಹುಲಿಯೋನು ಬ್ಯಾಡ. ಕೆರೆಯೋನು ಬ್ಯಾಡ. ಕೂತಿರೋನು.”

ಅಷ್ಟರಲ್ಲಿ ಕೆಂಚಪ್ಪನಿಗೆ ತಲೆ ಗಿರ್ ಅಂತಿತ್ತು. ಒಂದೇ ಹೆಸರು. ಒಬ್ಬ ಕೆಡವ್ತಾನೆ. ಒಬ್ಬ ಕೊಡ್ತಾನೆ. ಒಬ್ಬ ಕೂತ್ಕೊಳ್ತಾನೆ. ನಾನು ಯಾರು?

ಓಬಣ್ಣ ಒಳ್ಳೇ ಮನುಷ್ಯ. ತಂಗಿ ಅಳು ನೋಡಲಾರದೆ ಇನ್ನೊಂದು ಸಲ ಕರೆದ.

“ನೋಡು ಅಳಿಯಾ. ನಾವೆಲ್ಲ ಹೊಲಕ್ಕೆ ಹೋಗ್ತೀವಿ. ಅಗೋ ಟಗರು. ಅದನ್ನ ಕಾಯ್ಕೊಂಡು ಜಗಲಿ ಮೇಲೆ ಕೂತಿರು. ಕೂತಿರೋದು ಬರ್ತದಲ್ಲ?”

ಕೆಂಚಪ್ಪ ತಲೆ ಆಡಿಸಿದ. ಬಾಯಿ ಬಿಡಲಿಲ್ಲ. ಓಬಣ್ಣನಿಗೆ ಸಂತೋಷ ಆಯ್ತು.

ಮಧ್ಯಾಹ್ನ ಒಬ್ಬ ಕಳ್ಳ ಬಂದ. ಜಗಲಿ ಮೇಲಿನ ಆಳು ನೋಡಿ ಹಿಂದೆ ಸರಿದ. ಮಾತಿಲ್ಲ. ಮುಂದೆ ಬಂದ. ಮಾತಿಲ್ಲ.

“ಟಗರು ನಿಂದಾ ಯಜಮಾನ?”

ಮಾತಿಲ್ಲ.

“ತಗೊಂಡು ಹೋಗ್ಲಾ?”

ಮಾತಿಲ್ಲ.

“ಬ್ಯಾಡ ಅನ್ನೋದಾದ್ರೆ ಈಗಲೇ ಹೇಳಿಬಿಡಪ್ಪಾ. ಆಮೇಲೆ ಕಿರಿಕಿರಿ ಬ್ಯಾಡ.”

ಕೆಂಚಪ್ಪನ ಕಿವಿ ಮೇಲೆ ಇರುವೆ ಹತ್ತಿತು. ಅಲುಗಲಿಲ್ಲ. ಕಳ್ಳನಿಗೆ ಭಯ ಆಯ್ತು. ಇದು ಯಾವುದೋ ದೊಡ್ಡ ಜೀವ ಅಂದುಕೊಂಡ. ಕಾಲಿಗೆ ಬಿದ್ದ. ಆಮೇಲೆ ಟಗರು ಹಿಡ್ಕೊಂಡು ಹೋದ.

ಸಂಜೆ ಓಬಣ್ಣ ಬಂದ. “ಟಗರು ಎಲ್ಲಿ?” ಮಾತಿಲ್ಲ. “ಟಗರು ಎಲ್ಲಿ ಅಂದೆ!” ಮಾತಿಲ್ಲ. ಮಾರಕ್ಕನ್ನ ಕರೆಸಿದರು. ಅವಳು ಬಂದು ಬಾಯಿ ಬಿಡು ಅಂದ ಮೇಲೆ ಬಿಟ್ಟ.

“ಒಬ್ಬರು ಬಂದು ಕಾಲಿಗೆ ಬಿದ್ದರು ಅವ್ವಾ! ನೀನು ಹೇಳಿದ ಹಾಗೇ ಆಯ್ತು!”

ಓಬಣ್ಣ ರುಮಾಲು ತೆಗೆದು ನೆಲಕ್ಕೆ ಹಾಕಿದ. “ಮುಗೀತು. ತಂಗೀ, ಹೆಣ್ಣಿನ ಮಾತು ಇನ್ನು ಎತ್ತಬ್ಯಾಡ.”

ಮಾರಕ್ಕ ಎದ್ದಳು. ಅವಳಿಗೆ ಬಾಗಿಲು ಕಾಣಲಿಲ್ಲ. ಗೋಡೆ ತಡವಿದಳು. ಆಗ ಹಾಲಮ್ಮ ಬಂದು ಕೈ ಹಿಡಿದುಕೊಂಡಳು.

“ಅಪ್ಪಾ, ನಾನು ಬಾವನ್ನೇ ಮಾಡ್ಕೊಳ್ತೀನಿ.”

“ಏನೇ? ಅವನಿಗೆ ಬುದ್ಧಿ ಇಲ್ಲ ಕಣೇ!”

“ಕೆಡವು ಅಂದ್ರು, ಕೆಡವಿದ. ನೀರು ಹಾಕು ಅಂದ್ರು, ಹಾಕಿದ. ಕೂತ್ಕೋ ಅಂದ್ರು, ಕೂತ. ಹೇಳಿದ್ದು ಒಂದಾದರೂ ಬಿಟ್ನಾ? ಹೇಳೋರು ನೆಟ್ಟಗೆ ಹೇಳಬೇಕು. ನೀನು ಅವ್ವ ಹೇಳಿದ್ದು ಒಂದಾದರೂ ಕೇಳಿದೀಯಾ ಅಪ್ಪಾ?”

“ಹಂಗೆ ಕೇಳು ಮಗಳೇ!” ಅಂದಳು ಸಾಕಮ್ಮ ಒಳಗಿಂದ.

ಓಬಣ್ಣ ಬಾಗಿಲ ಕಡೆ ನೋಡಿದ. ಮಗಳ ಕಡೆ ನೋಡಿದ. ರುಮಾಲು ಎತ್ತಿಕೊಂಡ.

“ಆಯ್ತು. ಆದರೆ ಒಂದು ಮಾತು. ಗಳಿಗೆ ಅಂದ್ರೆ ಗಳಿಗೆ. ಮುಹೂರ್ತಕ್ಕೆ ಅವನು ಮಣೆ ಮೇಲೆ ಇರಬೇಕು. ಮೀರಿತೋ, ಚಪ್ಪರ ಕಿತ್ತು ಹಾಕ್ತೀನಿ. ಇದೊಂದಾದರೂ ನೆಟ್ಟಗೆ ಮಾಡಲಿ.”

ಮದುವೆ ದಿನ ಬಂತು. ಮಾರಕ್ಕ ಮಗನ ಹಣೆಗೆ ಬಾಸಿಂಗ ಕಟ್ಟಿದಳು.

“ಮಗಾ, ಸತ್ತ ಕೆಂಚಪ್ಪಂದಿರ ಸಾವಾಸ ಬಿಡು. ಅವರ ಹಾಗೆ ಮಾಡು ಅಂತ ಇನ್ನು ಹೇಳಲ್ಲ. ಒಂದೇ ಕೇಳು. ನಮ್ಮೂರ ಹನ್ನೊಂದು ಕೆಂಚಪ್ಪಂದಿರೂ ಅಲ್ಲಿ ಇರ್ತಾರೆ. ಒಬ್ಬರು ಒಬ್ಬರನ್ನ ಕೂಗ್ತಾ ಇರ್ತಾರೆ. ಕೂಗಿದ್ದಕ್ಕೆಲ್ಲ ಓಡಬ್ಯಾಡ. ‘ಯಾವ ಕೆಂಚಪ್ಪ’ ಅಂತ ಕೇಳು. ಕೇಳಿ ಆಮೇಲೆ ಏಳು. ಗೊತ್ತಾಯ್ತಾ?”

“ಗೊತ್ತಾಯ್ತು ಅವ್ವಾ. ಯಾವ ಕೆಂಚಪ್ಪ ಅಂತ ಕೇಳಬೇಕು.”

ಚಪ್ಪರ ತುಂಬಿತ್ತು. ಓಲಗ ಊದ್ತಿತ್ತು. ಹೆಣ್ಣನ್ನ ಕರೆತಂದು ಕೂರಿಸಿದರು. ಮುಂದೆ ತೆರೆ ಹಿಡಿದರು. ಅಯ್ನೋರು ಕೂಗಿದರು.

“ಕೆಂಚಪ್ಪಾ, ಬಾರಪ್ಪಾ ಮಣೆಗೆ!”

“ಯಾವ ಕೆಂಚಪ್ಪ?” ಅಂದ ನಮ್ಮ ಕೆಂಚಪ್ಪ.

“ಮದುಮಗ ಕೆಂಚಪ್ಪ!”

ಕೆಂಚಪ್ಪ ಯೋಚನೆ ಮಾಡಿದ. ಹುಲಿ ಕೆಂಚಪ್ಪ ಗೊತ್ತು. ಕೆರೆ ಕೆಂಚಪ್ಪ ಗೊತ್ತು. ಮೌನದ ಕೆಂಚಪ್ಪ ಗೊತ್ತು. ಮದುಮಗ ಕೆಂಚಪ್ಪ? ಇವನ ಸುದ್ದಿ ಅವ್ವ ಹೇಳೇ ಇಲ್ಲ! ಇಷ್ಟು ಜನ ಇವನಿಗೋಸ್ಕರ ಬಂದವ್ರೆ. ಓಲಗ ಬೇರೆ. ಆ ಮೂವರಿಗಿಂತ ದೊಡ್ಡೋನೇ ಇರಬೇಕು.

“ಮದುಮಗ ಕೆಂಚಪ್ಪಾ! ಬೇಗ!” ಅಯ್ನೋರು ಮತ್ತೆ ಕೂಗಿದರು.

ಯಾರೂ ಏಳಲಿಲ್ಲ. ಕೆಂಚಪ್ಪನಿಗೆ ಸಂಕಟ ಆಯ್ತು. ಪಾಪ, ಎಲ್ಲರೂ ಕಾಯ್ತಿದ್ದಾರೆ. ಎದ್ದ. ಮದುಮಗನ್ನ ಹುಡುಕೋಕೆ ಹೋದ.

ಅಡಿಗೆಯವರ ಹತ್ತಿರ ಹೋದ. “ಅಣ್ಣಾ, ಮದುಮಗ ಕೆಂಚಪ್ಪ ಇಲ್ಲಿಗೆ ಬಂದಿದ್ನಾ?”

ಅಡಿಗೆಯವನು ಸೌಟು ಹಿಡಿದು ನಕ್ಕ. “ಹೊಟ್ಟೆ ಹಸೀತಾ ಗೌಡಾ? ತಮಾಷೆ ಮಾಡ್ತೀಯಾ? ಹೋಗು ಹೋಗು.”

ಓಲಗದವರ ಹತ್ತಿರ ಹೋದ. “ಮದುಮಗ ಕೆಂಚಪ್ಪ ಹೆಂಗಿರ್ತಾನೆ?”

“ಹೆಂಗಿರ್ತಾನೆ? ಹಣೆ ಮೇಲೆ ಬಾಸಿಂಗ ಇರ್ತದೆ!”

ಒಳ್ಳೇ ಗುರುತು ಸಿಕ್ತು. ಕೆಂಚಪ್ಪ ಒಬ್ಬೊಬ್ಬರ ಹಣೆ ನೋಡ್ತಾ ಬಂದ. ಮುದುಕರ ಹಣೆ ನೋಡಿದ. ನಿದ್ದೆ ಮಾಡೋರ ರುಮಾಲು ಎತ್ತಿ ನೋಡಿದ. ಹನ್ನೊಂದು ಕೆಂಚಪ್ಪಂದಿರ ಹಣೆಯನ್ನೂ ನೋಡಿದ. ಯಾರ ಹಣೆಯಲ್ಲೂ ಇಲ್ಲ.

“ಗಳಿಗೆ ಮೀರ್ತಿದೆ!” ಅಂದರು ಅಯ್ನೋರು.

ಓಬಣ್ಣ ಚಪ್ಪರದ ಕಂಬಕ್ಕೆ ಕೈ ಹಾಕಿದ. ಮಾರಕ್ಕ ಗಾಳೀಲಿ ಕೈ ಆಡಿಸ್ತಾ “ಮಗಾ, ಎಲ್ಲಿದ್ದೀಯೋ?” ಅಂತ ಕೂಗಿದಳು. ಕೂಗು ಓಲಗದಲ್ಲಿ ಮುಳುಗಿ ಹೋಯ್ತು.

ಕೊನೆಗೆ ಉಳಿದಿದ್ದು ತೆರೆ ಹಿಂದಿನ ಜಾಗ ಒಂದೇ. ಕೆಂಚಪ್ಪ ತೆರೆ ಸರಿಸಿ ಇಣುಕಿದ.

“ಹಾಲಮ್ಮಾ, ಮದುಮಗ ಕೆಂಚಪ್ಪನ್ನ ಎಲ್ಲಾದರೂ ಕಂಡೆಯಾ? ಮಾವ ಕಂಬ ಕೀಳ್ತಿದ್ದಾನೆ.”

ಹಾಲಮ್ಮ ತಲೆ ಎತ್ತಿದಳು. ಅವನ ಹಣೆ ಮೇಲಿನ ಬಾಸಿಂಗ ನೋಡಿದಳು. ಈ ಸಲ ನಗಲಿಲ್ಲ.

“ಕಂಡೆ ಬಾವಾ. ಬರ್ತಾನೆ. ಅವನು ಬರೋ ತನಕ ಆ ಮಣೆ ಮೇಲೆ ನೀನು ಕೂತಿರು. ಅಯ್ನೋರು ಏನು ಕೊಟ್ಟರೆ ಅದು ನನ್ನ ಕೊರಳಿಗೆ ಕಟ್ಟು. ಮೂರು ಗಂಟು. ಮೂರೇ.”

“ಅವನು ಬೈಯಲ್ವಾ?”

“ಬೈಯಲ್ಲ. ನಾನು ಹೇಳ್ತೀನಿ.”

ಕೂತ. ಕಟ್ಟಿದ. ಮೂರು ಗಂಟು. ಮೂರೇ. ಗಟ್ಟಿಮೇಳ ಮೊಳಗಿತು. ಅಕ್ಷತೆ ಬಿತ್ತು. ಓಬಣ್ಣ ಕಂಬ ಬಿಟ್ಟ. “ನೆಟ್ಟಗೆ ಕಟ್ಟಿದ ಕಣೇ!” ಅಂತ ಹೆಂಡತಿಗೆ ಹೇಳಿದ. ಮಾರಕ್ಕ ಬಂದು ಸೊಸೆ ಮುಖ ತಡವಿ ನೋಡಿದಳು. ಮಗನ ಮುಖ ತಡವಿ ನೋಡಿದಳು. ಅಲ್ಲೇ ಕೂತು ಅತ್ತಳು. ಸಂತೋಷಕ್ಕೆ.

ಊಟಕ್ಕೆ ಹೆಣ್ಣಿಗೆ ಗಂಡಿಗೆ ಅಕ್ಕಪಕ್ಕ ಎಲೆ ಹಾಕಿದರು. ಕೆಂಚಪ್ಪ ಕೂರಲಿಲ್ಲ. ಎದುರು ಸಾಲಲ್ಲಿ, ಬಂದ ನೆಂಟರ ಜೊತೆ ಹೋಗಿ ಕೂತ.

“ಅದು ಮದುಮಗನ ಎಲೆ. ನಾನು ಉಂಡರೆ ಅವನಿಗೇನು?”

ಹಾಲಮ್ಮ ಒಂದು ಗಳಿಗೆ ಆ ಖಾಲಿ ಎಲೆ ನೋಡಿದಳು. ತನ್ನ ಎಲೆ ಎತ್ತಿಕೊಂಡು ಈ ಸಾಲಿಗೇ ಬಂದಳು. ಪಕ್ಕದಲ್ಲಿ ಕೂತಳು.

“ಉಣ್ಣು ಬಾವಾ.”

ಉಂಡ. ಪ್ರತಿ ತುತ್ತಿಗೂ ಒಂದು ಸಲ ಬಾಗಿಲ ಕಡೆ ನೋಡಿ ಉಂಡ.

ಹೊರಡೋ ಹೊತ್ತಾಯ್ತು. ಗಾಡಿ ಕಟ್ಟಿದರು. ಹಾಲಮ್ಮ ಅತ್ತು ಹತ್ತಿದಳು. ಕೆಂಚಪ್ಪ ಹತ್ತಲಿಲ್ಲ. ಓಬಣ್ಣನ ಹತ್ತಿರ ಬಂದ. ಮಡಿಲಿಂದ ಬಾಳೆ ಎಲೆಯ ಒಂದು ಪೊಟ್ಟಣ ತೆಗೆದ. ಒಳಗೆ ಎರಡು ಹೋಳಿಗೆ.

“ಮಾವಾ, ಮದುಮಗ ಇನ್ನೂ ಬರಲಿಲ್ಲ. ಪಾಪ, ಎಲ್ಲಿದ್ದಾನೋ. ಹಸಿದಿರ್ತಾನೆ. ಬಂದರೆ ಇದು ಕೊಡು. ಹಾಲಮ್ಮ ನಮ್ಮನೇಲಿ ಇರ್ತಾಳೆ ಅನ್ನು. ಅವನು ಬರೋ ತನಕ ಚೆನ್ನಾಗಿ ನೋಡ್ಕೊಳ್ತೀನಿ ಅನ್ನು.”

ಓಬಣ್ಣ ಬೈಯೋಕೆ ಬಾಯಿ ತೆರೆದ. ಹಾಗೇ ಮುಚ್ಚಿ ಪೊಟ್ಟಣ ಇಸ್ಕೊಂಡ.

ಕೆಂಚಪ್ಪ ಹತ್ತಿದ. ಗಾಡಿ ಹೋಯ್ತು. ಜನ ಹೋದರು. ಚಪ್ಪರದ ಕೆಳಗೆ ಓಬಣ್ಣ ಹೋಳಿಗೆ ಹಿಡ್ಕೊಂಡು ನಿಂತೇ ಇದ್ದ. ಸಾಕಮ್ಮ ಬಂದಳು.

“ಇಲ್ಲೇನು ಮಾಡ್ತಿದ್ದೀಯಾ? ಒಳಗೆ ಬಾ.”

“ತಡಿಯೇ” ಅಂದ ಓಬಣ್ಣ. “ಮದುಮಗ ಬರಬೇಕು.”