ಗಾಜಿಗಿಟ್ಟ ಕುಂಕುಮ

ಮ್ಯೂಸಿಯಂನಲ್ಲಿ ಕಸ ಗುಡಿಸುವ ಹುಲಿಗೆಮ್ಮನ ಅವ್ವ ಊರೂರು ತಿರುಗಿ, ಸವೆದು ನುಣುಪಾದ ಬೀಸುವ ಕಲ್ಲುಗಳನ್ನು ಉಳಿಯಿಂದ ಕೆತ್ತಿ ಮತ್ತೆ ತರಿತರಿ ಮಾಡಿಕೊಡುತ್ತಿದ್ದಳು. ಮನೆಮನೆಗೆ ಮಿಕ್ಸಿ ಬಂತು. ಅವ್ವ ತೀರಿಕೊಂಡಳು. ಇನ್ಯಾರಿಗೆ ಬೇಕು ಅಂತ ಹುಲಿಗೆಮ್ಮನೇ ಆ ಉಳಿಯನ್ನು ಮ್ಯೂಸಿಯಂಗೆ ಕೊಟ್ಟಳು. ಆಮೇಲೆ ಅಲ್ಲೇ ಕೆಲಸವೂ ಸಿಕ್ಕಿತು. ಈಗ ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ಉಳಿ ದಿನಾ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ.

ಆಯುಧಪೂಜೆ ಬಂತು. ಮ್ಯೂಸಿಯಂನ ಸಾಹೇಬರು ಅವಳ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ಜೀಪು, ಕಂಪ್ಯೂಟರು, ಫ್ಯಾನು, ಎಲ್ಲಕ್ಕೂ ಇಡು" ಎಂದರು.

"ನಮ್ಮವ್ವನ ಉಳಿಗೂ ಒಂದು ಬೊಟ್ಟು ಇಡ್ಲೇನ್ರೀ?"

"ಛೆ ಛೆ! ಅದು ಪ್ರದರ್ಶನದ ವಸ್ತು. ಕೆಲಸ ಮಾಡೋ ಸಾಮಾನಿಗೆ ಮಾತ್ರ ಕುಂಕುಮ. ತಿಳೀತಾ?"

ತಿಳಿಯಿತು ಎಂದು ಹುಲಿಗೆಮ್ಮ ತಲೆಯಾಡಿಸಿದಳು.

ಮಂಗಳಾರತಿ ಹೊತ್ತಿಗೆ ಸಾಹೇಬರು ನೋಡುತ್ತಾರೆ, ಉಳಿ ಇಟ್ಟ ಪೆಟ್ಟಿಗೆಯ ಗಾಜಿನ ಮೇಲೆ ರೂಪಾಯಿಯಗಲದ ಕುಂಕುಮ! ಎದುರು ನಿಂತವರಿಗೆ ಅದು ಉಳಿಯ ನೆತ್ತಿಗೇ ಇಟ್ಟಂತೆ ಕಾಣುತ್ತಿತ್ತು.

"ನಾನು ಹೇಳಿದ್ದೇನು, ನೀನು ಮಾಡಿದ್ದೇನು?" ಸಾಹೇಬರು ಗದರಿದರು.

"ಕೆಲಸ ಮಾಡೋದಕ್ಕ ಇಟ್ಟೀನ್ರೀ. ಈ ಗಾಜಿನಷ್ಟು ನಿಯತ್ತಿನಿಂದ ಇಲ್ಲಿ ಯಾರು ದುಡೀತಾರ? ನಾ ಬಂದಾಗಿಂದ ಒಂದಿನಾನೂ ಉಳಿಗೆ ನನ್ನ ಕೈ ತಾಕಾಕ ಬಿಟ್ಟಿಲ್ಲ."

ನೆರೆದವರು ಕಿಸಕ್ಕನೆ ನಕ್ಕರು. ಸಾಹೇಬರೂ ನಗಲು ಹೋದರು, ನಗು ಬರಲಿಲ್ಲ. ಜೇಬು ತಡವಿಕೊಂಡು, "ಬೀಗದ ಕೈ ಹೆಡ್ಡಾಫೀಸಲ್ಲಿದೆಯಮ್ಮ" ಎಂದರು ಮೆಲ್ಲಗೆ.

ಹುಲಿಗೆಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಇರ್ಲಿ ಬಿಡ್ರೀ ಸಾಹೇಬ್ರ. ಬೀಗ ಹಾಕಿದ್ದು ನೀವು ಖರೆ. ಒಳಗ ಇಟ್ಟಾಕಿ ನಾನ ಅಲ್ಲೇನ್ರೀ?"